ಪುಟ್ಟ ಕಾಗದದ ಕೊಕ್ಕರೆ ಮಡಚುವುದು ಹೇಗೆ: 3 ಸೆಂಟಿಮೀಟರ್‌ನಿಂದ 1 ಸೆಂಟಿಮೀಟರ್‌ವರೆಗೆ

15 ಸೆಂಟಿಮೀಟರ್ ಚೌಕದಲ್ಲಿ ಜಪಾನಿನ ಒರಿಗಾಮಿ ಕೊಕ್ಕರೆ ಮಡಚಲು ನಿಮಗೆ ಬರುತ್ತದೆ. ಅದನ್ನೇ 2 ಸೆಂಟಿಮೀಟರ್ ಕಾಗದದಲ್ಲಿ ಮಾಡಲು ಕೂತರೆ ಕತ್ತು ದಪ್ಪಗಾಗುತ್ತದೆ, ಕೊಕ್ಕು ಒಡೆಯುತ್ತದೆ, ಒಂದು ರೆಕ್ಕೆ ಮೇಲೆ, ಇನ್ನೊಂದು ಕೆಳಗೆ. ಬೆರಳು ದಪ್ಪ, ಕಣ್ಣು ಮಂದ ಅಂತ ಸುಮ್ನೆ ಬೇಜಾರು ಮಾಡಿಕೊಳ್ಳುವವರೇ ಜಾಸ್ತಿ. ನಿಜ ಹೇಳಬೇಕೆಂದರೆ ಇದರಲ್ಲಿ ಬೆರಳಿನ ಪಾತ್ರ ಕಡಿಮೆ. ದೊಡ್ಡ ಹಕ್ಕಿಯ ಕಾಗದವನ್ನೇ, ದೊಡ್ಡ ಹಕ್ಕಿಯ ಕ್ರಮವನ್ನೇ ಚಿಕ್ಕದಕ್ಕೂ ಹಚ್ಚುವುದರಿಂದ ಕೆಲಸ ಕೆಡುತ್ತದೆ. ಕಾಗದ ಬದಲಾಗಬೇಕು, ಚೌಕ ಕತ್ತರಿಸುವ ರೀತಿ ಬದಲಾಗಬೇಕು, ಕೊನೆಯ ಮೂರು ಮಡಿಕೆಗಳ ಕ್ರಮವೂ ಬದಲಾಗಬೇಕು.

ದೊಡ್ಡ ಕೊಕ್ಕರೆಯನ್ನು ಚಿತ್ರ ನೋಡದೆ ಮಡಚಲು ಬರುವವರಿಗೆ ಈ ಮಾರ್ಗದರ್ಶಿ. ಇನ್ನೂ ಬರದಿದ್ದರೆ ಮೊದಲು 15 ಸೆಂಟಿಮೀಟರ್ ಕಾಗದದಲ್ಲಿ ಕೈ ಕೂರಿಸಿಕೊಳ್ಳಿ. ಪುಟ್ಟ ಕಾಗದದ ಮುಂದೆ ಕೂತು "ಮುಂದೇನು?" ಎಂದು ಯೋಚಿಸುವಂತಿರಬಾರದು. ಆ ಹೊತ್ತಿಗೆ ಕೈಯ ಬೆವರಿಗೇ ಕಾಗದ ಮೆತ್ತಗಾಗಿರುತ್ತದೆ.

## ಮೊದಲು ಸ್ವಲ್ಪ ಲೆಕ್ಕ

ಈ ಲೆಕ್ಕ ಅರ್ಥವಾದರೆ ಅರ್ಧ ಸಮಸ್ಯೆ ತೀರುತ್ತದೆ, ಹಾಗಾಗಿ ಬಿಟ್ಟು ಮುಂದೆ ಹೋಗಬೇಡಿ.

ಕೊಕ್ಕರೆಯ ಕತ್ತಿನಲ್ಲಿ ಒಟ್ಟು 8 ಪದರ ಕಾಗದ ಇರುತ್ತದೆ. ಚೌಕದ ಒಂದು ಮೂಲೆ 90 ಡಿಗ್ರಿ. ಅದು ಮಡಿಕೆಯಿಂದ ಮಡಿಕೆಗೆ 45, ಆಮೇಲೆ 22.5, ಕೊನೆಗೆ 11.25 ಡಿಗ್ರಿಗೆ ಇಳಿಯುತ್ತದೆ. ಕೋನ ಎಂಟನೇ ಒಂದು ಭಾಗವಾದರೆ ಪದರ ಎಂಟಾಗಲೇಬೇಕು, ಅಲ್ವಾ?

ಈಗ ಸಾಮಾನ್ಯ ಜೆರಾಕ್ಸ್ ಕಾಗದ ತೆಗೆದುಕೊಳ್ಳಿ. 500 ಹಾಳೆಯ ಕಟ್ಟು ಸುಮಾರು 5 ಸೆಂಟಿಮೀಟರ್ ದಪ್ಪ ಇರುತ್ತದೆ, ಅಂದರೆ ಒಂದು ಹಾಳೆ 0.1 ಮಿಲಿಮೀಟರ್. ಎಂಟು ಪದರಕ್ಕೆ 0.8 ಮಿಲಿಮೀಟರ್. 1 ಸೆಂಟಿಮೀಟರ್ ಚೌಕದಲ್ಲಿ ಕತ್ತಾಗುವ ಭಾಗದ ಉದ್ದ 5 ಮಿಲಿಮೀಟರ್, ಅದರ ನಡುಮಧ್ಯದ ಅಗಲ ಬರೀ ಅರ್ಧ ಮಿಲಿಮೀಟರ್. ಅಗಲಕ್ಕಿಂತ ದಪ್ಪವೇ ಹೆಚ್ಚು! ಇಂಥದ್ದನ್ನು ಯಾರ ಬೆರಳೂ ಮಡಚಲಾರದು. ಅದೇ ಜೆರಾಕ್ಸ್ ಕಾಗದದ 3 ಸೆಂಟಿಮೀಟರ್ ಚೌಕದಲ್ಲಿ ಅದೇ ಜಾಗದ ಅಗಲ 1.5 ಮಿಲಿಮೀಟರ್. ಕಷ್ಟಪಟ್ಟರೆ ಆಗುತ್ತದೆ.

ಎರಡನೇ ಲೆಕ್ಕ ಕತ್ತರಿಸುವುದರದ್ದು. 15 ಸೆಂಟಿಮೀಟರ್ ಚೌಕದ ಒಂದು ಬದಿ ಅರ್ಧ ಮಿಲಿಮೀಟರ್ ಜಾಸ್ತಿಯಾದರೆ ಯಾರಿಗೂ ಕಾಣುವುದಿಲ್ಲ. 1.5 ಸೆಂಟಿಮೀಟರ್ ಚೌಕದಲ್ಲಿ ಅದೇ ಅರ್ಧ ಮಿಲಿಮೀಟರ್ ಎಂದರೆ ನೂರಕ್ಕೆ ಮೂರಕ್ಕಿಂತ ಹೆಚ್ಚು ವ್ಯತ್ಯಾಸ. ಕೊಕ್ಕು ಚೂಪಾಗದೆ ಮೊಂಡಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ತಪ್ಪು ಆಗಿದ್ದು ಚೌಕ ಕತ್ತರಿಸುವಾಗ, ಕಂಡಿದ್ದು ತಲೆ ಮಡಚುವಾಗ.

## ಯಾವ ಕಾಗದ

ತೆಳುವಾಗಿರಬೇಕು, ಆದರೆ ಗರಿಗರಿಯಾಗಿರಬೇಕು. ಮುಖ ಒರೆಸುವ ಟಿಶ್ಯೂ ತೆಳುವೇ, ಆದರೆ ಅದರಲ್ಲಿ ಗೆರೆ ನಿಲ್ಲುವುದಿಲ್ಲ. ಪರೀಕ್ಷೆ ಸುಲಭ: ಒಂದು ಚೂರನ್ನು ಮಡಚಿ, ಉಗುರಿನಿಂದ ತೀಡಿ, ಬಿಡಿ. ಮಡಿಕೆ ತಾನಾಗಿ ಪೂರ್ತಿ ಬಿಚ್ಚಿಕೊಂಡರೆ ಆ ಕಾಗದ ಬೇಡ. ಗೆರೆಯ ಮೇಲೆ ಬಿಳಿ ಬಿರುಕು ಕಂಡರೂ ಬೇಡ.

ಗಾಳಿಪಟದ ಕಾಗದ ಈ ಕೆಲಸಕ್ಕೆ ಬಹಳ ಚೆನ್ನಾಗಿದೆ, ಅಗ್ಗವೂ ಹೌದು. ಒಂದೇ ತೊಂದರೆ, ಅಗ್ಗದ ಕಾಗದದ ಬಣ್ಣ ಬೆವರಿಗೆ ಬಿಡುತ್ತದೆ. ಸಿಹಿತಿಂಡಿ, ಬೇಕರಿ ತಿನಿಸು ಸುತ್ತುವ ತೆಳು ಬಟರ್ ಪೇಪರ್ ಕೂಡ ಆಗುತ್ತದೆ, ಆದರೆ ಮೇಣ ಹಚ್ಚಿದ್ದನ್ನು ತೆಗೆದುಕೊಳ್ಳಬೇಡಿ, ಮಡಿಕೆ ಜಾರುತ್ತದೆ. ಎಂಜಿನಿಯರಿಂಗ್ ಡ್ರಾಯಿಂಗ್‌ನ ದಪ್ಪ ಟ್ರೇಸಿಂಗ್ ಪೇಪರ್ ನೋಡಲು ಚೆಂದ, ಮಡಚಿದರೆ ಗೆರೆಯಲ್ಲಿ ಬೆಳ್ಳಗೆ ಸೀಳುತ್ತದೆ.

ಮೆಷಿನ್‌ನಿಂದ ಬರುವ ಬಸ್ ಟಿಕೆಟ್ ಹಲವರ ಮೊದಲ ಪುಟ್ಟ ಕಾಗದ. ಪ್ರಯಾಣದಲ್ಲಿ ಕೈಗೆ ಸಿಗುವುದು ಅದೇ. ಜೆರಾಕ್ಸ್ ಕಾಗದಕ್ಕಿಂತ ತೆಳುವಾಗಿರುವುದರಿಂದ 2 ಸೆಂಟಿಮೀಟರ್‌ವರೆಗೆ ಇಳಿಯಬಹುದು. ಆದರೆ ಅದು ಶಾಖಕ್ಕೆ ಕಪ್ಪಾಗುವ ಕಾಗದ. ಉಗುರಿನಿಂದ ಜೋರಾಗಿ ತೀಡಿದರೆ ಮಡಿಕೆಯ ಉದ್ದಕ್ಕೂ ಬೂದು ಗೆರೆ ಏಳುತ್ತದೆ. ತೀಡುವ ಬದಲು ಬರೀ ಒತ್ತಿ. ಇನ್ನೊಂದು ಮಾತು, ಇಳಿಯುವ ತನಕ ಟಿಕೆಟ್‌ಗೆ ಕತ್ತರಿ ಹಾಕಬೇಡಿ.

ಚಾಕೊಲೇಟ್ ಒಳಗಿನ ಬೆಳ್ಳಿ ಹಾಳೆಯಲ್ಲಿ ಮಡಿಕೆ ಹೇಳಿದಲ್ಲೇ ನಿಲ್ಲುತ್ತದೆ, ಹಿಂದಕ್ಕೆ ಪುಟಿಯುವುದಿಲ್ಲ. ಹಾಗಾಗಿ ಮೊದಲ 1 ಸೆಂಟಿಮೀಟರ್ ಹಕ್ಕಿಗೆ ಅದು ಒಳ್ಳೆಯದು. ಆದರೆ ತಪ್ಪು ಮಡಿಕೆಯೂ ಹಾಗೇ ನಿಲ್ಲುತ್ತದೆ, ಅಳಿಸಲು ಆಗುವುದಿಲ್ಲ.

ಜಪಾನಿನ ಕೈಕಾಗದಗಳು ಸಿಕ್ಕಿದರೆ ಗಂಪಿ ನಾರಿನದ್ದನ್ನು ಆರಿಸಿ. ತೆಳುವಾಗಿದ್ದೂ ಗರಿಗರಿಯಾಗಿರುತ್ತದೆ. ತೆಂಗುಜೊ ಅದಕ್ಕಿಂತಲೂ ತೆಳು, ಆದರೆ ಮೆತ್ತಗೆ. ಗಂಜಿ ಹಚ್ಚದೆ ಅದರಲ್ಲಿ ಮಡಚುವುದು ವ್ಯರ್ಥ. ದುಬಾರಿ ಕಾಗದವೇ ಬೇಕು ಎಂದೇನೂ ಇಲ್ಲ. 1955ರಲ್ಲಿ ಹಿರೋಶಿಮಾದ ಆಸ್ಪತ್ರೆಯಲ್ಲಿದ್ದ ಸದಾಕೊ ಸಸಾಕಿ ಎಂಬ ಹುಡುಗಿ ಔಷಧಿ ಸುತ್ತಿ ಬರುತ್ತಿದ್ದ ಕಾಗದದಲ್ಲೂ ಪುಟ್ಟ ಕೊಕ್ಕರೆಗಳನ್ನು ಮಡಚಿದ್ದಳು.

ಹೊಸಬರಿಗೆ ನನ್ನ ಸಲಹೆ: ಗಾಳಿಪಟದ ಕಾಗದದ ಒಂದೇ ಹಾಳೆ ತನ್ನಿ. ಅದು ಮುಗಿಯುವ ತನಕ ಬೇರೆ ಕಾಗದ ಮುಟ್ಟಬೇಡಿ. ಕಾಗದ ಬದಲಾಯಿಸುತ್ತಾ ಹೋದರೆ ತಪ್ಪು ಕೈಯದ್ದೋ ಕಾಗದದ್ದೋ ಗೊತ್ತಾಗುವುದಿಲ್ಲ.

## ಬೇಕಾದ ಸಾಮಾನು

ಸ್ಟೀಲ್ ಸ್ಕೇಲ್, ಹೊಸ ಬ್ಲೇಡ್ ಇರುವ ಪೇಪರ್ ಕಟರ್, ಕೆಳಗೆ ಹಾಸಲು ಕಟಿಂಗ್ ಮ್ಯಾಟ್ ಅಥವಾ ದಪ್ಪ ರಟ್ಟು. ಬ್ಲೇಡ್ ಹೊಸದೇ ಆಗಿರಲಿ. ಹಳೇ ಬ್ಲೇಡ್ ತೆಳು ಕಾಗದವನ್ನು ಕತ್ತರಿಸುವುದಿಲ್ಲ, ಎಳೆದು ಹರಿಯುತ್ತದೆ. ಕತ್ತರಿ ಈ ಕೆಲಸಕ್ಕೆ ಬೇಡವೇ ಬೇಡ.

ಟ್ವೀಜರ್ ಎರಡು ಬೇಕು. ಹುಬ್ಬು ಕೀಳುವ ಟ್ವೀಜರ್ ಆಗುವುದಿಲ್ಲ, ಅದರ ಬಾಯಿ ಅಗಲ. ಮೊಬೈಲ್ ರಿಪೇರಿಯವರು ಬಳಸುವ ಚೂಪು ತುದಿಯದ್ದು ತನ್ನಿ, ಒಂದು ನೇರ, ಒಂದು ಬಾಗಿದ್ದು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ, ಬೇರೆ ಊರುಗಳಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಕೊಳ್ಳುವಾಗ ತುದಿ ಒತ್ತಿ ಬೆಳಕಿಗೆ ಹಿಡಿದು ನೋಡಿ. ಎರಡು ತುದಿಗಳ ನಡುವೆ ಬೆಳಕು ಕಂಡರೆ ಬೇರೆಯದು ಕೇಳಿ. ತಂದ ಮೇಲೆ ತುದಿಯ ಒಳಬದಿಯನ್ನು ನುಣ್ಣನೆಯ ಮರಳು ಕಾಗದದ ಮೇಲೆ ಒಂದೆರಡು ಸಲ ಎಳೆಯಿರಿ. ಅಲ್ಲಿರುವ ಸಣ್ಣ ಮುಳ್ಳೇ ರೆಕ್ಕೆ ಹರಿಯುವುದು.

ಇನ್ನು ಒಂದು ಹೊಲಿಗೆ ಸೂಜಿ. ಸೂಜಿಯ ಹಿಂಬದಿ, ಅಂದರೆ ದಾರ ಪೋಣಿಸುವ ಮೊಂಡು ಕಡೆ, ನಮಗೆ ಚೂಪು ಕಡೆಗಿಂತ ಹೆಚ್ಚು ಉಪಯೋಗ. ಮಡಿಕೆ ಒತ್ತುವುದು, ಪದರ ಬಿಡಿಸುವುದು ಎಲ್ಲ ಅದರಿಂದಲೇ. ಚೂಪು ಕಡೆಯನ್ನು ರಬ್ಬರ್ ಅಥವಾ ಬೆಂಡಿಗೆ ಚುಚ್ಚಿ ಹಿಡಿಯಾಗಿ ಮಾಡಿಕೊಳ್ಳಿ.

1.5 ಸೆಂಟಿಮೀಟರ್‌ಗಿಂತ ಕೆಳಗೆ ಹೋದಾಗ ಭೂತಗನ್ನಡಿ ಬೇಕು. ಕೈಯಲ್ಲಿ ಹಿಡಿಯುವುದಲ್ಲ, ಸ್ಟ್ಯಾಂಡ್ ಇರುವುದು ಅಥವಾ ತಲೆಗೆ ಕಟ್ಟುವುದು. ಎರಡು ಪಟ್ಟು ದೊಡ್ಡದಾಗಿ ತೋರಿಸಿದರೆ ಸಾಕು. ತುಂಬಾ ಜಾಸ್ತಿ ಇದ್ದರೆ ಕಣ್ಣು ಕಾಗದದ ಹತ್ತಿರ ಹೋಗಬೇಕಾಗುತ್ತದೆ, ಉಸಿರಿಗೆ ಕಾಗದ ಹಾರುತ್ತದೆ.

ದೀಪ ಒಂದು ಪಕ್ಕದಿಂದ ಬೀಳಲಿ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್‌ನಲ್ಲಿ ಗೆರೆಗಳು ಕಾಣುವುದಿಲ್ಲ. ಪಕ್ಕದ ಬೆಳಕಿನಲ್ಲಿ ಪ್ರತಿ ಗೆರೆಗೂ ನೆರಳಿರುತ್ತದೆ. ಕೆಳಗೆ ಕಪ್ಪು ಬಟ್ಟೆ ಹಾಸಿ. ಮತ್ತೆ, ಫ್ಯಾನ್ ಆರಿಸಿ. ಸೆಖೆಯಲ್ಲಿ ಕಷ್ಟವೇ, ಏನು ಮಾಡೋಣ, ಬೆಳಗಿನ ಹೊತ್ತು ಕೂರಿ.

## ಹಂತ 1: ಚೌಕ ಕತ್ತರಿಸುವುದು

ಪೆನ್ಸಿಲ್‌ನಿಂದ ಗೆರೆ ಎಳೆದು ಕತ್ತರಿಸಬೇಡಿ. ಪೆನ್ಸಿಲ್ ಗೆರೆಗೇ ಅರ್ಧ ಮಿಲಿಮೀಟರ್ ದಪ್ಪ ಇರುತ್ತದೆ.

ಶಾಲೆಯಲ್ಲಿ ಬಳಸುವ ಗ್ರಾಫ್ ಶೀಟ್ ತೆಗೆದುಕೊಳ್ಳಿ, 1 ಮಿಲಿಮೀಟರ್ ಮನೆಗಳಿರುವುದು. ಅದರ ಒಂದು ತುಂಡನ್ನು ನಿಮ್ಮ ತೆಳು ಕಾಗದದ ಮೇಲೆ ಇಟ್ಟು, ಎರಡನ್ನೂ ಸೇರಿಸಿ ನಾಲ್ಕೂ ಕಡೆ ಟೇಪ್‌ನಿಂದ ಮ್ಯಾಟ್‌ಗೆ ಅಂಟಿಸಿ. ಈಗ ಗ್ರಾಫ್ ಗೆರೆಯ ಮೇಲೆ ಸ್ಕೇಲ್ ಇಟ್ಟು ಎರಡೂ ಹಾಳೆಗಳನ್ನು ಒಟ್ಟಿಗೆ ಕತ್ತರಿಸಿ. ಮೊದಲು ಉದ್ದದ ಗೆರೆಗಳೆಲ್ಲ, ಆಮೇಲೆ ಅಡ್ಡ ಗೆರೆಗಳೆಲ್ಲ. ಕತ್ತರಿಸುವ ಗೆರೆ ಟೇಪಿನವರೆಗೆ ಹೋಗಬಾರದು, ಎರಡೂ ತುದಿಯಲ್ಲಿ ಸ್ವಲ್ಪ ಅಂಚು ಉಳಿದಿದ್ದರೆ ಪಟ್ಟಿಗಳು ಅಲುಗಾಡುವುದಿಲ್ಲ. ಕಟರ್ ಮೇಲೆ ಭಾರ ಹಾಕಬೇಡಿ. ಹಗುರವಾಗಿ ಎರಡು ಸಲ ಎಳೆಯುವುದು, ಜೋರಾಗಿ ಒಂದು ಸಲ ಎಳೆಯುವುದಕ್ಕಿಂತ ಒಳ್ಳೆಯದು.

ಒಂದೇ ಸಲಕ್ಕೆ 20–30 ಚೌಕ ಕತ್ತರಿಸಿಡಿ. ಒಂದೇ ಚೌಕ ಇದ್ದರೆ ಅದನ್ನು ಉಳಿಸಿಕೊಳ್ಳಲು ಹೋಗಿ ಕೆಟ್ಟ ಮಡಿಕೆಯನ್ನೂ ಮುಂದುವರಿಸುತ್ತೀರಿ.

ಪರೀಕ್ಷೆ: ಮೂಲೆಯಿಂದ ಮೂಲೆಗೆ ಮಡಚಿ ಭೂತಗನ್ನಡಿಯಲ್ಲಿ ನೋಡಿ. ಕೆಳಗಿನ ಪದರ ಒಂದು ಕಡೆ ಕೂದಲೆಳೆಯಷ್ಟು ಹೊರಗೆ ಇಣುಕಿದರೂ ಅದು ಚೌಕವಲ್ಲ. ಬಿಸಾಡಿ.

## ಹಂತ 2: ನಾಲ್ಕು ಗೆರೆ

ಇದನ್ನು ಬೆರಳಿನಲ್ಲೇ ಮಾಡಿ, ಟ್ವೀಜರ್ ಇನ್ನೂ ಬೇಡ. ಬಣ್ಣದ ಬದಿ ಮೇಲೆ ಇರಲಿ. ಮೂಲೆಗೆ ಮೂಲೆ ಸೇರಿಸಿ ಎರಡು ಕರ್ಣ ಗೆರೆ ಹಾಕಿ, ಬಿಚ್ಚಿ. ಕಾಗದ ತಿರುಗಿಸಿ. ಈಗ ಬಿಳಿ ಬದಿ ಮೇಲೆ. ಅಂಚಿಗೆ ಅಂಚು ಸೇರಿಸಿ ಅಡ್ಡ ಒಂದು, ಉದ್ದ ಒಂದು ಗೆರೆ ಹಾಕಿ, ಬಿಚ್ಚಿ. ಎರಡೂ ಬದಿ ಒಂದೇ ಬಣ್ಣವಿದ್ದರೂ ನಡುವೆ ಕಾಗದ ತಿರುಗಿಸುವುದನ್ನು ಮರೆಯಬೇಡಿ. ಮರೆತರೆ ಮುಂದಿನ ಹಂತದಲ್ಲಿ ಗೆರೆಗಳು ನಿಮ್ಮ ಜೊತೆ ಜಗಳಕ್ಕೆ ನಿಲ್ಲುತ್ತವೆ.

ಮಡಚುವಾಗ ಮೊದಲು ಮೂಲೆಗಳನ್ನು ಸೇರಿಸಿ ಹಿಡಿಯಿರಿ, ಗೆರೆಯ ಮಧ್ಯದಲ್ಲಿ ಒತ್ತಿ, ಅಲ್ಲಿಂದ ಎರಡೂ ಕಡೆಗೆ ತೀಡಿ. ಒಂದು ತುದಿಯಿಂದ ಇನ್ನೊಂದಕ್ಕೆ ತೀಡಿದರೆ ಕಾಗದ ಜರುಗುತ್ತದೆ.

## ಹಂತ 3: ನಾಲ್ಕು ಮೂಲೆ ಒಂದೆಡೆ

ಬಿಳಿ ಬದಿ ಮೇಲಿರುವಂತೆ ಕಾಗದ ಇಟ್ಟು, ನಾಲ್ಕೂ ಮೂಲೆಗಳನ್ನು ಒಂದೇ ಕಡೆಗೆ ತನ್ನಿ. ಅರ್ಧ ಅಳತೆಯ ಪುಟ್ಟ ಚೌಕ ಸಿಗುತ್ತದೆ. ಗೆರೆ ಸರಿಯಿದ್ದರೆ ಇದು ತಾನಾಗಿ ಕುಸಿದು ಕೂರುತ್ತದೆ. ಚೌಕದ ಬದಲು ತ್ರಿಕೋನ ಬಂದರೆ ಗೆರೆಗಳು ಉಲ್ಟಾ ಬಿದ್ದಿವೆ ಎಂದರ್ಥ. ತೆಳು ಕಾಗದದಲ್ಲಿ ಗೆರೆಯನ್ನು ತಿರುಗಾ ಮಡಚಿ ಸರಿಪಡಿಸಲು ಹೋಗಬೇಡಿ. ಹೊಸ ಚೌಕ ತೆಗೆದುಕೊಳ್ಳಿ, ಅದಕ್ಕೇ ಅಷ್ಟು ಕತ್ತರಿಸಿಟ್ಟಿದ್ದು.

ತೆರೆದ ಮೂಲೆ, ಅಂದರೆ ನಾಲ್ಕು ತುದಿಗಳು ಸೇರಿರುವ ಕಡೆ, ನಿಮ್ಮ ಕಡೆಗಿರಲಿ. ಇಲ್ಲಿ ಒಮ್ಮೆ ನಿಲ್ಲಿಸಿ ನೋಡಿ. ನಾಲ್ಕು ತುದಿಗಳು ಒಂದರ ಮೇಲೊಂದು ಸರಿಯಾಗಿ ಕೂತಿವೆಯೇ? ಒಂದು ತುದಿ ಉದ್ದ ಬಂದಿದ್ದರೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ.

## ಹಂತ 4: ಪೆಟಲ್ ಫೋಲ್ಡ್

ಅತಿ ಹೆಚ್ಚು ಹಕ್ಕಿಗಳು ಸಾಯುವುದು ಇಲ್ಲೇ. ನಿಧಾನವಾಗಿ ಓದಿ.

ಮೇಲಿನ ಪದರದ ಎರಡು ಕೆಳ ಅಂಚುಗಳನ್ನು ನಡುಗೆರೆಗೆ ತಂದು ಮಡಚಿ. ಗಾಳಿಪಟದ ಆಕಾರ ಬರುತ್ತದೆ. ಮೇಲೆ ಉಳಿದ ಚಿಕ್ಕ ತ್ರಿಕೋನವನ್ನು ಇದರ ಮೇಲೆ ಕೆಳಕ್ಕೆ ಮಡಚಿ ಗೆರೆ ಹಾಕಿ. ಈಗ ಮೂರನ್ನೂ ಬಿಚ್ಚಿ. ಕಾಗದ ತಿರುಗಿಸಿ, ಹಿಂದಿನ ಬದಿಗೂ ಗೆರೆ ಹಾಕಿ ಬಿಚ್ಚಿ. ಮುಂದೆ ಹಿಂದೆ ಎರಡೂ ಬದಿಯ ಗೆರೆ ಮುಗಿದ ಮೇಲೆಯೇ ಎತ್ತುವ ಕೆಲಸ. ದೊಡ್ಡ ಹಕ್ಕಿಯಲ್ಲಿ ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುತ್ತೇವೆ. ಚಿಕ್ಕದರಲ್ಲಿ ಹಾಗೆ ಮಾಡಿದರೆ ಮುಂಭಾಗ ದಪ್ಪವಾಗಿ, ಹಿಂಭಾಗದ ಗೆರೆ ವಾರೆಯಾಗುತ್ತದೆ.

ಅಂಚನ್ನು ನಡುಗೆರೆಗೆ ತರುವಾಗ ಗೆರೆಯನ್ನು ಪೂರ್ತಿ ಮುಟ್ಟಿಸಬೇಡಿ. ಕೂದಲೆಳೆಯಷ್ಟು ಜಾಗ ಬಿಡಿ. ಮುಂದೆ ಬರುವ ಪದರಗಳ ದಪ್ಪ ಕೂರುವುದು ಆ ಸಂದಿನಲ್ಲಿ. ಸಂದು ಇಲ್ಲದಿದ್ದರೆ ಎರಡು ಬದಿಗಳು ಒಂದರ ಮೇಲೊಂದು ಹತ್ತಿ ಕತ್ತು ಸೊಟ್ಟಗಾಗುತ್ತದೆ.

ಈಗ ಎತ್ತುವುದು. ಎಡಗೈ ಹೆಬ್ಬೆರಳ ಉಗುರಿನಿಂದ ಮೇಲಿನ ಅಡ್ಡ ಗೆರೆಯನ್ನು ಒತ್ತಿ ಹಿಡಿಯಿರಿ. ಬಾಗಿದ ಟ್ವೀಜರ್‌ನಿಂದ ಮೇಲಿನ ಒಂದೇ ಒಂದು ಪದರದ ಕೆಳತುದಿ ಹಿಡಿದು ಮೇಲಕ್ಕೆ ಎತ್ತಿ. ಅರ್ಧ ಎತ್ತಿದಾಗ ನಿಲ್ಲಿಸಿ. ಈ ಹೊತ್ತಿಗೆ ಅದು ದೋಣಿಯ ಆಕಾರದಲ್ಲಿ ಬಾಯಿ ತೆರೆದಿರುತ್ತದೆ, ಎರಡೂ ಬದಿಯ ಅಂಚುಗಳು ಹೊರಕ್ಕೆ ಉಬ್ಬಿರುತ್ತವೆ. ಅವು ತಾವಾಗಿ ಒಳಕ್ಕೆ ಬರುತ್ತವೆ ಎಂದು ಕಾಯಬೇಡಿ. ಚಿಕ್ಕ ಕಾಗದದಲ್ಲಿ ಬರುವುದಿಲ್ಲ. ಸೂಜಿಯ ಮೊಂಡು ತುದಿಯಿಂದ ಎಡ ಅಂಚನ್ನು ಒಳಕ್ಕೆ ತಳ್ಳಿ, ಆಮೇಲೆ ಬಲ ಅಂಚು. ಎರಡೂ ಒಳಗೆ ಬಂದ ಮೇಲೆ ತುದಿಯನ್ನು ಪೂರ್ತಿ ಮೇಲಕ್ಕೆ ಎಳೆದು ಚಪ್ಪಟೆ ಮಾಡಿ.

ಒಮ್ಮೆಲೇ ಮೇಲಕ್ಕೆ ಎಳೆದರೆ ಏನಾಗುತ್ತದೆ? ಅಡ್ಡ ಗೆರೆಯ ಎರಡು ತುದಿಯಲ್ಲಿ ಕಾಗದ ಸುಕ್ಕಾಗುತ್ತದೆ ಅಥವಾ ಸೀಳುತ್ತದೆ. ಆ ಸೀಳು ಈಗ ಕಾಣದಿರಬಹುದು. ರೆಕ್ಕೆ ಇಳಿಸುವಾಗ ಕೈಗೆ ಬರುತ್ತದೆ.

ತಿರುಗಿಸಿ ಹಿಂದೆಯೂ ಹೀಗೇ ಎತ್ತಿ. ಉದ್ದನೆಯ ವಜ್ರದಾಕಾರ ಸಿಕ್ಕಿತು. ಇದೇ ಬರ್ಡ್ ಬೇಸ್. ಇದರ ಒಟ್ಟು ಉದ್ದ ಮೂಲ ಚೌಕದ ಬದಿಯಷ್ಟೇ ಇರಬೇಕು: 2 ಸೆಂಟಿಮೀಟರ್ ಕಾಗದಕ್ಕೆ 2 ಸೆಂಟಿಮೀಟರ್. ಸ್ಕೇಲ್ ಹಿಡಿದು ನೋಡಿ. ಒಂದು ಮಿಲಿಮೀಟರ್ ಕಡಿಮೆ ಇದ್ದರೆ ಪೆಟಲ್ ಫೋಲ್ಡ್ ಪೂರ್ತಿ ಮೇಲಕ್ಕೆ ಹೋಗಿಲ್ಲ.

ಕೆಳಗೆ ಸೀಳಿದಂತೆ ಎರಡು ಕಾಲು ಕಾಣುತ್ತವೆ. ಮುಂದೆ ಕತ್ತು ಮತ್ತು ಬಾಲ ಆಗುವುದು ಇವೇ. ಮೇಲಿನ ಎರಡು ತುದಿ ರೆಕ್ಕೆ.

## ಹಂತ 5: ಕಾಲು ಸಪೂರ ಮಾಡುವುದು

ಕೆಳಭಾಗದ ಎರಡು ಹೊರ ಅಂಚುಗಳನ್ನು ನಡುವಿನ ಸೀಳಿಗೆ ತಂದು ಮಡಚಿ. ತಿರುಗಿಸಿ ಹಿಂದೆಯೂ ಅದೇ. ಇಲ್ಲಿ ಬಿಡುವ ಸಂದು ಮೊದಲಿಗಿಂತ ಸ್ವಲ್ಪ ಜಾಸ್ತಿ ಇರಲಿ. ಮೇಲೆ ಲೆಕ್ಕ ಹಾಕಿದ ಎಂಟು ಪದರ ಹುಟ್ಟುವುದು ಈ ಮಡಿಕೆಯಲ್ಲೇ.

ಕಾಗದ ದಪ್ಪವಿದ್ದು ಬೇರೆ ಕಾಗದ ಸಿಗದಿದ್ದರೆ ಈ ಹಂತವನ್ನೇ ಬಿಟ್ಟುಬಿಡಬಹುದು. ಆಗ ಕತ್ತಿನಲ್ಲಿ ನಾಲ್ಕೇ ಪದರ, ಅಗಲ ದುಪ್ಪಟ್ಟು. ಕತ್ತು ಸ್ವಲ್ಪ ಗುಂಡಗೆ ಕಾಣುತ್ತದೆ, ಹಕ್ಕಿ ಮಾತ್ರ ಹಕ್ಕಿಯೇ. ಒಡೆದ ಸಪೂರ ಕತ್ತಿಗಿಂತ ಗಟ್ಟಿಯಾದ ದಪ್ಪ ಕತ್ತು ನನಗೆ ಇಷ್ಟ.

## ಹಂತ 6: ಕತ್ತು, ಬಾಲ, ತಲೆ

ಕ್ರಮ ಬದಲಾಗುವುದು ಇಲ್ಲಿ. ದೊಡ್ಡ ಹಕ್ಕಿಯಲ್ಲಿ ಕಾಲನ್ನು ಹಿಡಿದು, ಪದರಗಳ ನಡುವೆ ಒಳಮುಖವಾಗಿ ತಿರುಗಿಸಿ ಮೇಲಕ್ಕೆ ತರುತ್ತೇವೆ. ಇದನ್ನು ರಿವರ್ಸ್ ಫೋಲ್ಡ್ ಎನ್ನುತ್ತಾರೆ. ಅದನ್ನು ಮಾಡಲು ಪದರಗಳನ್ನು ಅಗಲಿಸಿ ಬೆರಳು ತೂರಿಸಬೇಕು. 2 ಸೆಂಟಿಮೀಟರ್‌ನಲ್ಲಿ ಬೆರಳಿಗೆ ಜಾಗ ಎಲ್ಲಿದೆ? ಟ್ವೀಜರ್‌ನಿಂದ ಮಾಡಿದರೆ ಕಾಲು ತಿರುಚುತ್ತದೆ. ಅದಕ್ಕೆ ಎಲ್ಲವನ್ನೂ ಚಪ್ಪಟೆಯಾಗಿಟ್ಟುಕೊಂಡೇ ಮಡಚುವ ದಾರಿ ಇದೆ.

ಮೊದಲು, ಮೇಲಿನ ಪದರದ ಬಲ ಅರ್ಧವನ್ನು ಪುಸ್ತಕದ ಪುಟದಂತೆ ಎಡಕ್ಕೆ ತಿರುವಿ. ಕಾಗದ ಬೋರಲು ಹಾಕಿ ಹಿಂದೆಯೂ ಬಲದಿಂದ ಎಡಕ್ಕೆ ಒಂದು ಪುಟ ತಿರುವಿ. ಈಗ ಕೆಳಗಿನ ಸೀಳು ಕಾಣುವುದಿಲ್ಲ. ಮುಂದೆ ಒಂದು ಕಾಲು, ಹಿಂದೆ ಒಂದು ಕಾಲು, ಎರಡೂ ನಯವಾಗಿ ಕಾಣುತ್ತವೆ.

ಮುಂದಿನ ಕಾಲನ್ನು ಮೇಲಕ್ಕೆ ಮಡಚಿ, ಎಷ್ಟು ಹೋಗುತ್ತದೋ ಅಷ್ಟು. ಸೂಜಿಯನ್ನು ಅಡ್ಡ ಇಟ್ಟು ಅದರ ಮೇಲೆ ಮಡಚಿದರೆ ಗೆರೆ ನೇರ ಬರುತ್ತದೆ. ತಿರುಗಿಸಿ ಹಿಂದಿನ ಕಾಲನ್ನೂ ಹಾಗೇ ಮೇಲಕ್ಕೆ ಮಡಚಿ.

ತಲೆಯನ್ನೂ ಈಗಲೇ ಮಾಡಿ. ಎರಡರಲ್ಲಿ ಒಂದು ಕಾಲಿನ ತುದಿಯನ್ನು ನಿಮ್ಮ ಕಡೆಗೆ, ಕೆಳಕ್ಕೆ ಮಡಚಿ. 1 ಸೆಂಟಿಮೀಟರ್ ಕಾಗದದಲ್ಲಿ ಇದು ಒಂದೂವರೆ ಮಿಲಿಮೀಟರ್ ಇರಲಿ, ಅದಕ್ಕಿಂತ ಕಡಿಮೆ ಬೇಡ. ದೊಡ್ಡ ಹಕ್ಕಿಯ ತಲೆಯ ಲೆಕ್ಕದಲ್ಲಿ ಇದು ಜಾಸ್ತಿ ಅನ್ನಿಸಬಹುದು. ಆದರೆ ತುದಿಯಲ್ಲಿ ಕಾಗದ ಅಷ್ಟು ಕಿರಿದಾಗಿರುವುದರಿಂದ ಚಿಕ್ಕ ಮಡಿಕೆ ಬಿಚ್ಚಿಕೊಂಡುಬಿಡುತ್ತದೆ. ಟ್ವೀಜರ್‌ನ ಎರಡು ತುದಿಗಳ ನಡುವೆ ಮಡಿಕೆಯನ್ನು ಹಿಡಿದು ಒಮ್ಮೆ ಗಟ್ಟಿಯಾಗಿ ಹಿಸುಕಿ.

ಈಗ ಪುಟಗಳನ್ನು ಮತ್ತೆ ತಿರುವಿ ಮೊದಲಿನ ಸ್ಥಿತಿಗೆ ತನ್ನಿ, ಮುಂದೊಂದು ಹಿಂದೊಂದು. ಕತ್ತೂ ಬಾಲವೂ ರೆಕ್ಕೆಗಳ ನಡುವೆ ನೇರ ಮೇಲಕ್ಕೆ ನಿಂತಿರುತ್ತವೆ. ಪುಟ ಮುಚ್ಚುವಾಗ ತಲೆಯ ಮಡಿಕೆ ತಾನಾಗಿ ಒಳಗೆ ಸೇರಿಕೊಳ್ಳುತ್ತದೆ. ಸೇರದೆ ಪಕ್ಕಕ್ಕೆ ಇಣುಕಿದರೆ ಸೂಜಿಯ ಮೊಂಡು ತುದಿಯಿಂದ ಒಳಕ್ಕೆ ತಳ್ಳಿ, ಟ್ವೀಜರ್‌ನಿಂದ ಎಳೆಯಬೇಡಿ.

## ಹಂತ 7: ಎಳೆದು ನಿಲ್ಲಿಸುವುದು, ರೆಕ್ಕೆ ಇಳಿಸುವುದು

ದೇಹವನ್ನು, ಅಂದರೆ ಕೆಳಗಿನ ತ್ರಿಕೋನ ಭಾಗವನ್ನು, ನೇರ ಟ್ವೀಜರ್‌ನಿಂದ ಹಿಡಿಯಿರಿ. ಬಾಗಿದ ಟ್ವೀಜರ್‌ನಿಂದ ಕತ್ತನ್ನು ಬುಡದ ಹತ್ತಿರ ಹಿಡಿದು ಹೊರಕ್ಕೆ ಓರೆಯಾಗಿ ಎಳೆಯಿರಿ. ಬುಡದಲ್ಲಿ ಹಿಸುಕಿ ಹೊಸ ಕೋನವನ್ನು ಗಟ್ಟಿ ಮಾಡಿ. ಆಮೇಲೆ ಬಾಲ. ತಲೆ ಅಥವಾ ತುದಿ ಹಿಡಿದು ಎಳೆದರೆ ಕತ್ತು ನಡುವೆ ಬಾಗುತ್ತದೆ, ಬುಡ ಅಲ್ಲಾಡುವುದೇ ಇಲ್ಲ. ಬಹಳ ಜನ ಮಾಡುವ ತಪ್ಪು ಇದು.

ರೆಕ್ಕೆಗೆ ಅವಸರ ಬೇಡ. ಸೂಜಿಯನ್ನು ರೆಕ್ಕೆಯ ಬುಡಕ್ಕೆ ಅಡ್ಡ ಹಿಡಿದು, ರೆಕ್ಕೆಯನ್ನು ಅದರ ಮೇಲೆ ನಿಧಾನವಾಗಿ ಇಳಿಸಿ. ಎರಡೂ ರೆಕ್ಕೆ ಒಂದೇ ಎತ್ತರದಲ್ಲಿ ಮಡಚಲು, ಎರಡಕ್ಕೂ ದೇಹದ ಮಧ್ಯದ ಉಬ್ಬಿದ ತ್ರಿಕೋನದ ತುದಿಯನ್ನೇ ಗುರುತಾಗಿಟ್ಟುಕೊಳ್ಳಿ.

ದೊಡ್ಡ ಹಕ್ಕಿಯ ಹೊಟ್ಟೆಗೆ ಕೆಳಗಿನ ತೂತಿನಿಂದ ಊದುತ್ತಾರೆ. ಪುಟ್ಟ ಹಕ್ಕಿಗೆ ಊದಿದರೆ ಅದು ಮಂಚದ ಕೆಳಗೆ ಸಿಗುತ್ತದೆ! ಸೂಜಿಯ ಮೊಂಡು ತುದಿಯನ್ನು ಕೆಳಗಿನಿಂದ ತೂರಿಸಿ ಸ್ವಲ್ಪ ಆಡಿಸಿ, ಜೊತೆಗೆ ರೆಕ್ಕೆಗಳನ್ನು ಮೆಲ್ಲಗೆ ಅಗಲಿಸಿ. ಅಷ್ಟು ಸಾಕು.

## ಕೆಡುತ್ತಿದೆ ಎಂದು ಮೊದಲೇ ತಿಳಿಯುವುದು ಹೇಗೆ

ಕಾಗದ ಗರಿಗರಿ ಬಿಟ್ಟು ಬಟ್ಟೆಯಂತಾಗಿದ್ದರೆ ಬೆವರು ಹೀರಿದೆ. ಕರಾವಳಿಯಲ್ಲಿ, ಮಳೆಗಾಲದಲ್ಲಿ ಇದು ಬಹಳ. ಕಾಗದವನ್ನು ಪುಸ್ತಕದೊಳಗಿಟ್ಟು ಒಣ ಡಬ್ಬಿಯಲ್ಲಿಡಿ, ನಡುನಡುವೆ ಕೈ ಒರೆಸಿಕೊಳ್ಳಿ. ಪೌಡರ್ ಹಚ್ಚಿಕೊಂಡರೆ ಕಾಗದ ಜಾರುತ್ತದೆ, ಬೇಡ.

ಹಂತ 3ರ ಚೌಕ ಮೇಜಿನ ಮೇಲೆ ಇಟ್ಟಾಗ ಬಾಯಿ ಬಿಟ್ಟು ನಿಲ್ಲುತ್ತಿದ್ದರೆ ಗೆರೆ ಸರಿಯಾಗಿ ತೀಡಿಲ್ಲ. ಇದನ್ನು ಸರಿಪಡಿಸಬಹುದು, ಎರಡು ಗಾಜಿನ ತುಂಡುಗಳ ನಡುವೆ ಐದು ನಿಮಿಷ ಒತ್ತಿಡಿ.

ಕೊಕ್ಕಿನ ತುದಿಯಲ್ಲಿ ಬಿಳಿ ಚುಕ್ಕೆ ಕಂಡರೆ ಒಳಪದರ ಹೊರಗೆ ಬಂದಿದೆ. ಮೂಲ ಚೌಕ ವಾರೆ ಇತ್ತು. ಈ ಹಕ್ಕಿಯಲ್ಲಿ ಇದಕ್ಕೆ ಮದ್ದಿಲ್ಲ. ಉಳಿದ ಚೌಕಗಳನ್ನೂ ಪರೀಕ್ಷಿಸಿ, ಒಂದೇ ಪಟ್ಟಿಯಿಂದ ಬಂದವೆಲ್ಲ ಹಾಗೇ ಇರುತ್ತವೆ.

ಕತ್ತು ಮತ್ತು ಬಾಲ ಬೇರೆ ಬೇರೆ ಎತ್ತರದಲ್ಲಿ ನಿಂತರೆ ಹಂತ 6ರಲ್ಲಿ ಒಂದು ಕಾಲು ಪೂರ್ತಿ ಮೇಲಕ್ಕೆ ಮಡಚಿಲ್ಲ. ರೆಕ್ಕೆ ಇಳಿಸುವ ಮೊದಲೇ ನೋಡಿಕೊಂಡರೆ ಪುಟ ತಿರುವಿ ಸರಿ ಮಾಡಬಹುದು.

ಇನ್ನೊಂದು ಗುರುತು ನಿಮ್ಮಲ್ಲೇ ಇದೆ. ಉಸಿರು ಬಿಗಿಹಿಡಿದು ಮಡಚುತ್ತಿದ್ದೀರಿ, ಭುಜ ಕಿವಿಯ ಹತ್ತಿರ ಬಂದಿದೆ ಎಂದರೆ ನಿಲ್ಲಿಸಿ. ಮೊಣಕೈ ಎರಡೂ ಮೇಜಿನ ಮೇಲೆ ಊರಿ. ಬರೀ ಕೈ ಗಾಳಿಯಲ್ಲಿದ್ದರೆ ಟ್ವೀಜರ್ ನಡುಗುತ್ತದೆ. ಎರಡು ಹಕ್ಕಿಗೊಮ್ಮೆ ತಲೆ ಎತ್ತಿ ಕಿಟಕಿಯಾಚೆ ದೂರದ ಏನನ್ನಾದರೂ ನೋಡಿ. ಕಣ್ಣು ನೋಯುತ್ತಿದ್ದರೆ ಆವತ್ತಿಗೆ ಸಾಕು.

## ಗಾತ್ರ ಇಳಿಸುವ ಕ್ರಮ

15ರಿಂದ ನೇರ 1ಕ್ಕೆ ಹಾರಬೇಡಿ. 7.5, 5, 3, 2, 1.5, 1 ಹೀಗೆ ಇಳಿಯಿರಿ. ಒಂದು ಅಳತೆಯಲ್ಲಿ ಸತತ ಮೂರು ಹಕ್ಕಿ ಹರಿಯದೆ, ಕೊಕ್ಕು ಚೂಪಾಗಿ ಬಂದರೆ ಮಾತ್ರ ಮುಂದಿನದು. 3ರಿಂದ 2ಕ್ಕೆ ಇಳಿಯುವುದು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಅಲ್ಲಿ ಬೆರಳಿನಿಂದ ಟ್ವೀಜರ್‌ಗೆ ಬದಲಾಗುತ್ತೀರಿ. ಅದಕ್ಕೆ 3 ಸೆಂಟಿಮೀಟರ್‌ನಲ್ಲಿ ಇರುವಾಗಲೇ, ಬೆರಳು ಸಾಕಾಗುತ್ತಿದ್ದರೂ, ಹಂತ 4ರಿಂದ ಮುಂದೆ ಟ್ವೀಜರ್ ಹಿಡಿದು ಅಭ್ಯಾಸ ಮಾಡಿ. ಪುಟ ತಿರುವುವ ಕ್ರಮವನ್ನೂ ಅಲ್ಲೇ ಕಲಿಯಿರಿ. 1 ಸೆಂಟಿಮೀಟರ್ ತಲುಪಿದಾಗ ರೆಕ್ಕೆ ಪೂರ್ತಿ ಬಿಚ್ಚಿದ ಹಕ್ಕಿಯ ಅಗಲ ಒಂದು ಸೆಂಟಿಮೀಟರ್‌ನ ಆಸುಪಾಸು ಇರುತ್ತದೆ.

## ಮುಗಿದ ಹಕ್ಕಿಯನ್ನು ಇಡುವುದು

ಮುಚ್ಚಳವಿರುವ ಗಾಜಿನ ಪುಟ್ಟ ಸೀಸೆ ಸಾಕು. ಮಳೆಗಾಲದಲ್ಲಿ ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಸೀಸೆಗಳಿಟ್ಟ ಡಬ್ಬಿಗೆ ಹಾಕಿ. ಕಿವಿಯೋಲೆ ಮಾಡುವುದಿದ್ದರೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಹಚ್ಚಬಹುದು. ಮೊದಲು ಅದೇ ಕಾಗದದ ಚೂರಿನ ಮೇಲೆ ಹಚ್ಚಿ ನೋಡಿ, ಕೆಲವು ಮುದ್ರಿತ ಬಣ್ಣಗಳು ಅದರಲ್ಲಿ ಕರಗಿ ಹರಡುತ್ತವೆ. ದೇಹಕ್ಕೆ ಮೊದಲು, ಒಣಗಿದ ಮೇಲೆ ರೆಕ್ಕೆಗೆ ಹಚ್ಚಿ. ಒಟ್ಟಿಗೆ ಹಚ್ಚಿದರೆ ಒದ್ದೆ ರೆಕ್ಕೆ ದೇಹಕ್ಕೆ ಅಂಟುತ್ತದೆ. ಕೊಂಡಿ ಸಿಕ್ಕಿಸುವ ತೂತನ್ನು ಪಾಲಿಶ್ ಒಣಗಿ ಗಟ್ಟಿಯಾದ ಮೇಲೆ, ಬೆನ್ನಿನ ನಡುವಿನ ತ್ರಿಕೋನದಲ್ಲಿ ಸೂಜಿಯಿಂದ ಚುಚ್ಚಿ.